ಶಿಕ್ಷಾಕಾರನ ಪದವಿ: ವಿಶ್ವವಿದ್ಯಾನಿಲಯದ ಸಂಗೀತಾಧ್ಯಯನವನ್ನು ಕುರಿತು ಒಂದು ವಿಮರ್ಶೆ

ಶಾರ್ಙ್ಗದೇವನ ‘ಸಂಗೀತರತ್ನಾಕರ’ದ ಪ್ರಕೀರ್ಣಕಾಧ್ಯಾಯದಲ್ಲಿ ಗಾಯಕರನ್ನು ಐದು ಬಗೆಯವರೆಂದು ವಿಂಗಡಿಸಲಾಗಿದೆ: ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವಕ. ನ್ಯೂನತೆಯಿಲ್ಲದಂತೆ ಕಲಿಸಬಲ್ಲವನು ಶಿಕ್ಷಾಕಾರ. ಮತ್ತೊಬ್ಬರ ಭಂಗಿಯನ್ನು ಅನುಸರಿಸಿ ಹಾಡುವವನು ಅನುಕಾರ. ಹಾಡಿನ ರಸದಲ್ಲಿ ತಾನೇ ಮುಳುಗುವವನು ರಸಿಕ. ಕೇಳುವವರ ಮನಸ್ಸನ್ನು ರಂಜಿಸುವವನು ರಂಜಕ. ಗೀತಕ್ಕೆ ಭಾವಾತಿಶಯವನ್ನು ತಂದುಕೊಡುವವನು ಭಾವಕ. ಹದಿಮೂರನೆಯ ಶತಮಾನದ ಈ ವಿಂಗಡಣೆಯನ್ನು ನಮ್ಮ ಸಂಗೀತ ವಿದ್ಯಾರ್ಥಿಗಳು ಕಂಠಪಾಠ ಮಾಡಿ ಉತ್ತರಪತ್ರಿಕೆಗಳಲ್ಲಿ ಬರೆಯುತ್ತ ಬಂದಿದ್ದಾರೆ. ಆದರೆ ತಾವು ಈ ಐವರಲ್ಲಿ ಯಾರಾಗುವುದಕ್ಕಾಗಿ ಓದುತ್ತಿದ್ದೇವೆ ಎಂಬುದನ್ನು ಅವರು ಕೇಳಿದ್ದೂ ಇಲ್ಲ, ಅವರಿಗೆ ಯಾರೂ ಹೇಳಿದ್ದೂ ಇಲ್ಲ.

ವಿಶ್ವವಿದ್ಯಾನಿಲಯಗಳ ಸಂಗೀತಶಿಕ್ಷಣದ ಮುಖ್ಯ ಗೊಂದಲ ಇದೇ ಎಂದು ನನಗೆ ತೋರುತ್ತದೆ. ವಿದ್ಯಾರ್ಥಿ ಬರುವುದು ರಂಜಕನಾಗುವ ಆಸೆಯಿಂದ. ತರಗತಿಯಲ್ಲಿ ಅವನು ಬಹುಮಟ್ಟಿಗೆ ಅನುಕಾರನಾಗುತ್ತಾನೆ. ಪದವಿ ಪಡೆದು ಹೊರಗೆ ಬಂದಮೇಲೆ ಜೀವನೋಪಾಯಕ್ಕೆ ಒದಗುವ ಕೆಲಸಗಳಾದರೋ ಹೆಚ್ಚುಕಡಿಮೆ ಎಲ್ಲವೂ ಶಿಕ್ಷಾಕಾರನವು. ಆ ಕೆಲಸಕ್ಕೆ ಬೇಕಾದ ಸಿದ್ಧತೆಯನ್ನು ಐದು ವರ್ಷಗಳಲ್ಲಿ ಯಾರೂ ಅವನಿಗೆ ಕೊಟ್ಟಿರುವುದಿಲ್ಲ. ಕಛೇರಿಗಾರನನ್ನು ತಯಾರಿಸುತ್ತೇವೆಂಬ ಹಂಬಲವನ್ನು ವಿಭಾಗಗಳು ಬದಿಗಿಟ್ಟು, ಶಿಕ್ಷಾಕಾರನನ್ನೂ ಅವನ ಬೆನ್ನಿಗೆ ನಿಲ್ಲುವ ವಿದ್ವಾಂಸನನ್ನೂ ತಯಾರಿಸುವುದೇ ತಮ್ಮ ಕರ್ತವ್ಯವೆಂದು ಬಾಯಿಬಿಟ್ಟು ಹೇಳಬೇಕಾಗಿದೆ. ಹಾಗೆ ಹೇಳಿದರೆ ಪಠ್ಯಕ್ರಮ, ಪರೀಕ್ಷೆ, ಅಧ್ಯಾಪಕರ ಆಯ್ಕೆ ಮೂರೂ ಬದಲಾಗಬೇಕಾಗುತ್ತದೆ. ಬಹುಶಃ ಅದಕ್ಕೇ ಹೇಳುವುದಿಲ್ಲ.

ಸಂಗೀತವು ಶಾಲೆಯ ಬಾಗಿಲನ್ನು ಪ್ರವೇಶಿಸಿದ ಚರಿತ್ರೆ ದೀರ್ಘವಾದುದೇನಲ್ಲ. 1886ರಲ್ಲಿ ಬರೋಡದಲ್ಲಿ ಮೌಲಾಬಕ್ಷರ ಸಂಗೀತಶಾಲೆ ಆರಂಭವಾಯಿತು. 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. 1916ರಲ್ಲಿ ಬರೋಡದಲ್ಲಿ ಸೇರಿದ ಅಖಿಲಭಾರತ ಸಂಗೀತ ಸಮ್ಮೇಳನದ ಫಲವೆಂಬಂತೆ 1926ರಲ್ಲಿ ಲಖನೌದ ಮ್ಯಾರಿಸ್ ಕಾಲೇಜು ಹುಟ್ಟಿತು. ದಕ್ಷಿಣದಲ್ಲಿ ಮದ್ರಾಸು ಮತ್ತು ಅಣ್ಣಾಮಲೈ ವಿಶ್ವವಿದ್ಯಾನಿಲಯಗಳು ಮುಂದಾದವು. 1950ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯ ಓಂಕಾರನಾಥ ಠಾಕೂರರನ್ನು ಕರೆದುಕೊಂಡಿತು. 1956ರಲ್ಲಿ ಖೈರಾಗಢದಲ್ಲಿ ಕಲೆಗಳಿಗಾಗಿಯೇ ಒಂದು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಮೈಸೂರು ವಿಶ್ವವಿದ್ಯಾನಿಲಯ ಈ ದಾರಿಗೆ ಬಂದದ್ದು 1960ರ ದಶಕದಲ್ಲಿ. ಇಂದು ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲಿ ಮೈಸೂರಿನಲ್ಲಿಯೇ ಪ್ರತ್ಯೇಕವಾದ ಸಂಗೀತ ವಿಶ್ವವಿದ್ಯಾನಿಲಯವಿದೆ.

ಈ ಸ್ಥಾಪಕರಲ್ಲಿ ಮೊದಲಿಗರಿಗೆ ತಮ್ಮ ಉದ್ದೇಶ ಸ್ಪಷ್ಟವಾಗಿತ್ತು. ತಾನು ತಾನಸೇನರನ್ನು ಮಾಡಲಾರೆ, ಕಾನಸೇನರನ್ನು, ಎಂದರೆ ಕೇಳುವ ಕಿವಿಯುಳ್ಳವರನ್ನು, ಮಾಡುತ್ತೇನೆ ಎಂಬ ಅರ್ಥದ ಮಾತೊಂದು ಪಲುಸ್ಕರರ ಹೆಸರಿನಲ್ಲಿ ಪ್ರಚಲಿತವಾಗಿದೆ. ಆಡಿದವರು ಯಾರೇ ಆಗಿರಲಿ, ಆ ಮಾತು ಅವರ ಕಾರ್ಯಕ್ಕೆ ಹೊಂದುತ್ತದೆ. ಕಲಿಸುವುದಕ್ಕಾಗಿಯೇ ಶಿಷ್ಯರನ್ನು ಸಿದ್ಧಪಡಿಸುವ ಉಪದೇಶಕ ವರ್ಗವನ್ನು ಅವರು ತಮ್ಮ ವಿದ್ಯಾಲಯದಲ್ಲಿ ನಡೆಸಿದರು. ಆ ಶಿಷ್ಯರು ದೇಶದ ನಾನಾ ಕಡೆಗಳಲ್ಲಿ ಶಾಲೆಗಳನ್ನು ತೆರೆದರು. ಗುರುವಿನ ಮನೆಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೆ, ವಿಶೇಷವಾಗಿ ಮಧ್ಯಮವರ್ಗದ ಹೆಣ್ಣುಮಕ್ಕಳಿಗೆ, ಶಾಲೆಯ ಬಾಗಿಲು ತೆರೆಯಿತು. ಗುರುಕುಲವನ್ನು ಕೊಂಡಾಡುವವರು ಈ ಒಂದು ಅಂಶವನ್ನು ಮರೆಯಬಾರದು. ಮನೆತನದ ಚೀಜುಗಳನ್ನು ಹೊರಗೆ ಬಿಡದೆ ಕಾಪಾಡಿಕೊಳ್ಳುತ್ತಿದ್ದ ಉಸ್ತಾದರಿಂದ ಅವನ್ನು ಸಂಗ್ರಹಿಸುವುದಕ್ಕೆ ಭಾತಖಂಡೆಯವರು ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ.

ಸಂಸ್ಥೆಯಲ್ಲಿ ಕಲಿತವರು ದೊಡ್ಡ ಸಂಗೀತಗಾರರಾಗಲಾರರು ಎಂಬ ವಾದಕ್ಕೆ ಉತ್ತರವಾಗಿ ಮ್ಯಾರಿಸ್ ಕಾಲೇಜಿನ ಹೆಸರನ್ನು ಹೇಳುವುದು ವಾಡಿಕೆ. ಕನ್ನಡಿಗರಾದ ನಮಗೆ ಆ ಉದಾಹರಣೆ ಇನ್ನೂ ಹತ್ತಿರದ್ದು. ಕೆ. ಜಿ. ಗಿಂಡೆಯವರು ಬೈಲಹೊಂಗಲದಲ್ಲಿ 1925ರಲ್ಲಿ ಹುಟ್ಟಿದವರು. ಚಿದಾನಂದ ನಗರಕರರು ಬೆಂಗಳೂರಿನವರು. ಇಬ್ಬರೂ ಲಖನೌದಲ್ಲಿ ಶ್ರೀಕೃಷ್ಣ ರಾತಂಜನಕರರ ಬಳಿ ಕಲಿತರು. ಆದರೆ ಈ ಉದಾಹರಣೆಯನ್ನು ಸ್ವಲ್ಪ ಒಳಹೊಕ್ಕು ನೋಡಬೇಕು. ಗಿಂಡೆಯವರು 1936ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಲಖನೌಗೆ ಹೋಗಿ ರಾತಂಜನಕರರ ಮನೆಯಲ್ಲಿಯೇ ಮನೆಯ ಮಗುವಿನಂತೆ ಬೆಳೆದರು. ಕಾಲೇಜಿನಿಂದ ಅವರಿಗೆ ದೊರೆತದ್ದು ಪದ್ಧತಿ: ಥಾಟುಗಳ ವ್ಯವಸ್ಥೆ, ಸ್ವರಲಿಪಿ, ಒಂದು ರಾಗವನ್ನು ಮತ್ತೊಂದರಿಂದ ಬೇರ್ಪಡಿಸಿ ಹೇಳುವ ವಿವೇಚನೆ. ಮನೆಯಿಂದ ದೊರೆತದ್ದು ನಾದ. ಬೆಳಗಿನ ಸಾಧನೆಯಿಂದ ರಾತ್ರಿಯ ಮಾತುಕತೆಯವರೆಗೆ ಗುರುವಿನ ಕಂಠವನ್ನು ಕೇಳುತ್ತಲೇ ಇದ್ದ ಶಿಷ್ಯನಿಗೂ ವಾರಕ್ಕೆ ಕೆಲವು ಗಂಟೆ ಮಾತ್ರ ಕೇಳುವ ಶಿಷ್ಯನಿಗೂ ಹೋಲಿಕೆಯೆಲ್ಲಿ? ಮ್ಯಾರಿಸ್ ಕಾಲೇಜಿನ ಯಶಸ್ಸು ಕಾಲೇಜಿನೊಳಗೆ ಅಡಗಿದ್ದ ಗುರುಕುಲದ ಯಶಸ್ಸು ಎಂದರೆ ತಪ್ಪಾಗಲಾರದು.

ಈ ಇಬ್ಬರ ಮುಂದಿನ ಜೀವನವನ್ನೂ ಗಮನಿಸಬೇಕು. ನಗರಕರರು ಮುಂಬಯಿಯ ಭಾರತೀಯ ವಿದ್ಯಾಭವನದ ಸಂಗೀತ ಶಿಕ್ಷಾಪೀಠದ ಮೊದಲ ಪ್ರಾಚಾರ್ಯರಾದರು. ಗಿಂಡೆಯವರು ಅದೇ ನಗರದ ವಲ್ಲಭ ಸಂಗೀತಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದರು. ತಮಗೆ ಬಂದ ಬಂದಿಶುಗಳನ್ನು ತಮ್ಮ ಕಂಠದಲ್ಲಿಯೇ ಧ್ವನಿಮುದ್ರಿಸಿ ಉಳಿಸಿದರು. ಕಛೇರಿ ಮಾಡಬಲ್ಲ ಸಾಮರ್ಥ್ಯವಿದ್ದವರಿಗೂ ಜೀವನದ ಆಧಾರವಾಗಿ, ಕೀರ್ತಿಯ ಆಧಾರವಾಗಿಯೂ, ನಿಂತದ್ದು ಶಿಕ್ಷಾಕಾರವೃತ್ತಿ. ಅದನ್ನು ಅವರು ಎರಡನೆಯ ದರ್ಜೆಯ ಕೆಲಸವೆಂದು ಎಣಿಸಿದಂತೆ ಕಾಣುವುದಿಲ್ಲ.

ಈಗಿನ ನಮ್ಮ ವೇಳಾಪಟ್ಟಿಯನ್ನು ಪರ್ಯಾಲೋಚಿಸೋಣ. ಐವತ್ತು ನಿಮಿಷದ ತರಗತಿಯಲ್ಲಿ ಹನ್ನೆರಡು ಮಂದಿ ಇದ್ದರೆ, ಒಬ್ಬೊಬ್ಬರ ಕಂಠವನ್ನು ಅಧ್ಯಾಪಕರು ಬಿಡಿಯಾಗಿ ಕೇಳುವುದಕ್ಕೆ ದೊರೆಯುವ ಕಾಲ ನಾಲ್ಕು ನಿಮಿಷ. ಅದೂ ಅಧ್ಯಾಪಕರು ತಾವು ಒಂದು ಸಂಗತಿಯನ್ನೂ ಹಾಡಿ ತೋರಿಸದಿದ್ದರೆ. ಷಣ್ಮಾಸಿಕ ಪದ್ಧತಿ ಬಂದಮೇಲೆ ಇಂತಿಷ್ಟು ವಾರಗಳಲ್ಲಿ ಇಂತಿಷ್ಟು ರಾಗಗಳು ಮುಗಿಯಬೇಕು. ತೋಡಿ ‘ಮುಗಿಯಿತು’ ಎಂಬ ಮಾತನ್ನು ಸಂಗೀತ ವಿಭಾಗದಲ್ಲಲ್ಲದೆ ಬೇರೆಲ್ಲಿಯೂ ಕೇಳಲಾರಿರಿ! ಇದು ಅಧ್ಯಾಪಕರ ದೋಷವಲ್ಲ. ರಸಾಯನಶಾಸ್ತ್ರಕ್ಕೂ ಇತಿಹಾಸಕ್ಕೂ ಹೊಲಿದ ಅಂಗಿಯನ್ನೇ ಸಂಗೀತಕ್ಕೂ ತೊಡಿಸಿದ್ದರ ಪರಿಣಾಮ. ವಿಭಾಗದಲ್ಲಿ ಚೆನ್ನಾಗಿ ಹಾಡುವ ವಿದ್ಯಾರ್ಥಿನಿಗೆ ಹೊರಗೊಬ್ಬ ಗುರು ಇದ್ದೇ ಇರುತ್ತಾರೆ. ಆಕೆಗೆ ಸ್ವರ್ಣಪದಕ ಬಂದಾಗ ಕೀರ್ತಿ ವಿಭಾಗದ್ದು, ಕಂಠ ಹೊರಗಿನದು. ಈ ಸಂಗತಿ ಎಲ್ಲರಿಗೂ ಗೊತ್ತಿದ್ದರೂ ವಾರ್ಷಿಕ ವರದಿಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಲಕ್ಷ್ಯದಲ್ಲಿ ಕಾಲೇಜು ಗುರುವಿಗೆ ಸಮನಾಗಲಾರದೆಂದು ಒಪ್ಪಿದರೆ, ಲಕ್ಷಣದಲ್ಲಿಯಾದರೂ ಅದು ಮೇಲಾಗಿರಬೇಕಷ್ಟೆ. ಇಲ್ಲಿ ನಮಗೆ ಎದುರಾಗುವುದು ಪಿ. ಸಾಂಬಮೂರ್ತಿಯವರ ಆರು ಭಾಗಗಳ ‘ಸೌತ್ ಇಂಡಿಯನ್ ಮ್ಯೂಸಿಕ್’. 1931ರಲ್ಲಿ ಮ್ಯೂನಿಕ್ಕಿಗೆ ಹೋಗಿ ಯೂರೋಪಿನ ಸಂಗೀತವನ್ನೂ ಅದನ್ನು ಕಲಿಸುವ ಕ್ರಮವನ್ನೂ ಕಂಡುಬಂದ ಈ ವಿದ್ವಾಂಸರು ಮದ್ರಾಸು ವಿಶ್ವವಿದ್ಯಾನಿಲಯದ ಸಂಗೀತ ವಿಭಾಗವನ್ನು ಕಟ್ಟಿದರು. ಗುರುಗಳ ಬಾಯಲ್ಲಿ ಚದುರಿಹೋಗಿದ್ದ ವಿಷಯಗಳನ್ನು, ಮೇಳಕರ್ತ, ಗಮಕ, ತಾಳದ ಅಂಗಗಳು, ವಾದ್ಯಗಳ ರಚನೆ, ವಾಗ್ಗೇಯಕಾರರ ಚರಿತ್ರೆ ಇವೆಲ್ಲವನ್ನು, ಒಂದು ಕ್ರಮಕ್ಕೆ ತಂದು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದ ಶ್ರೇಯಸ್ಸು ಅವರದು. ದಕ್ಷಿಣದ ಯಾವ ಸಂಗೀತ ಪಠ್ಯಕ್ರಮವನ್ನು ತೆರೆದರೂ ಅವರ ಅಧ್ಯಾಯಗಳ ನೆರಳು ಕಾಣುತ್ತದೆ. ಆದರೆ ಕೈಪಿಡಿಯಾಗಬೇಕಾಗಿದ್ದ ಪುಸ್ತಕ ಕ್ರಮೇಣ ವಿಷಯವೇ ಆಗಿಬಿಟ್ಟಿತು. ದಶವಿಧ ಗಮಕಗಳ ಹೆಸರುಗಳನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿ, ಶಂಕರಾಭರಣದ ಗಾಂಧಾರ ಎಷ್ಟು ನಿಲ್ಲುತ್ತದೆ, ತೋಡಿಯ ಗಾಂಧಾರ ಹೇಗೆ ತೂಗುತ್ತದೆ ಎಂಬುದನ್ನು ಮಾತಿನಲ್ಲಿ ವಿವರಿಸಲಾರನು. ಕಟಪಯಾದಿ ಸೂತ್ರದಿಂದ ಮೇಳದ ಸಂಖ್ಯೆಯನ್ನು ತೆಗೆಯಬಲ್ಲನು. ವೇಂಕಟಮಖಿ ಯಾವ ಸಮಸ್ಯೆಯನ್ನು ಬಿಡಿಸುವುದಕ್ಕಾಗಿ ಮೇಳಪ್ರಸ್ತಾರವನ್ನು ಮಾಡಿದನೆಂದು ಕೇಳಿದರೆ ಸುಮ್ಮನಾಗುತ್ತಾನೆ. ಲಕ್ಷಣವು ಲಕ್ಷ್ಯವನ್ನು ಬೆಳಗಿಸುವ ದೀಪವಾಗಿರಬೇಕಾಗಿತ್ತು. ಅದು ಬೇರೊಂದು ಪತ್ರಿಕೆಯಾಗಿದೆ; ಬೇರೆ ದಿನ, ಬೇರೆ ಕೊಠಡಿಯಲ್ಲಿ ಬರೆಯತಕ್ಕದ್ದಾಗಿದೆ.

ಈ ವಿಚ್ಛೇದದ ಪರಾಕಾಷ್ಠೆಯನ್ನು ಅಧ್ಯಾಪಕರ ಅರ್ಹತಾಪರೀಕ್ಷೆಯಲ್ಲಿ ಕಾಣಬಹುದು. ಕಾಲೇಜು ಅಧ್ಯಾಪಕ ಹುದ್ದೆಗೆ ಬೇಕಾದ ರಾಷ್ಟ್ರೀಯ ಅರ್ಹತಾಪರೀಕ್ಷೆಯಲ್ಲಿ, ಎಂದರೆ ನೆಟ್‌ನಲ್ಲಿ, ಸಂಗೀತವೂ ಒಂದು ವಿಷಯ. 2018ರಲ್ಲಿ ರೂಪಿತವಾದ ಕ್ರಮದಂತೆ ಎರಡು ಪತ್ರಿಕೆಗಳು, ನೂರೈವತ್ತು ಪ್ರಶ್ನೆಗಳು, 300 ಅಂಕಗಳು, ಮೂರು ಗಂಟೆಯ ಕಾಲ. ಮೊದಲ ಪತ್ರಿಕೆಯ ಐವತ್ತು ಪ್ರಶ್ನೆಗಳು ಎಲ್ಲ ವಿಷಯದವರಿಗೂ ಸಮಾನ. ಸಂಗೀತಕ್ಕೆ ಸೇರಿದ ನೂರೂ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಬಗೆಯವು. ಈ ಮೂರು ಗಂಟೆಗಳಲ್ಲಿ ಅಭ್ಯರ್ಥಿ ಒಂದು ಸ್ವರವನ್ನು ಹಾಡುವುದಿಲ್ಲ. ಆಶ್ಚರ್ಯದ ಮಾತೆಂದರೆ ಒಂದು ಸ್ವರವನ್ನು ಕೇಳುವುದೂ ಇಲ್ಲ. ಎಂ.ಎ. ಪದವಿಯಲ್ಲಿಯೇ ಪ್ರಾಯೋಗಿಕ ಪರೀಕ್ಷೆ ನಡೆದಿರುತ್ತದೆ, ಆಯ್ಕೆಸಮಿತಿ ಬೇಕೆಂದರೆ ಹಾಡಿಸಿ ನೋಡಬಹುದು ಎಂದು ಸಮಾಧಾನ ಹೇಳಬಹುದು. ಹಾಡಿಸದಿದ್ದರೂ ಹೋಗಲಿ; ಒಂದು ಆಲಾಪನೆಯ ತುಣುಕನ್ನು ಕೇಳಿಸಿ ರಾಗವಾವುದು, ಎಡವಟ್ಟೆಲ್ಲಿ ಎಂದು ಕೇಳುವುದಕ್ಕೆ ಗಣಕಯಂತ್ರದಲ್ಲಿ ತೊಂದರೆಯೇನಿತ್ತು? 1952ರಿಂದ 1962ರವರೆಗೆ ಮಂತ್ರಿಗಳಾಗಿದ್ದ ಬಿ. ವಿ. ಕೇಸ್ಕರರ ಕಾಲದಲ್ಲಿ ಆಕಾಶವಾಣಿಯಲ್ಲಿ ಬಿಗಿಯಾಗಿ ನೆಲೆಗೊಂಡ ಧ್ವನಿಪರೀಕ್ಷೆಯ ಮೇಲೆ ಕಲಾವಿದರಿಗೆ ಏನೇ ಆಕ್ಷೇಪಣೆಗಳಿದ್ದರೂ ಅದು ಕಿವಿಯಿಂದ ನಡೆಯುವ ಪರೀಕ್ಷೆ. ವಿಶ್ವವಿದ್ಯಾನಿಲಯದ್ದು ಕಣ್ಣಿನಿಂದ ನಡೆಯುವುದು.

2018ರ ಧನಸಹಾಯ ಆಯೋಗದ ನಿಯಮಾವಳಿಯಲ್ಲಿ ಇನ್ನೊಂದು ದಾರಿಯನ್ನೂ ತೆರೆದಿಡಲಾಗಿತ್ತು. ಹೆಸರಾಂತ ಗುರುವಿನ ಬಳಿ ಕಲಿತು, ಆಕಾಶವಾಣಿ ಅಥವಾ ದೂರದರ್ಶನದ ‘ಎ’ ಶ್ರೇಣಿಯನ್ನು ಪಡೆದ ಪದವೀಧರ ಕಲಾವಿದರೂ ಅಧ್ಯಾಪಕರಾಗಬಹುದು. ಆದರೆ ಅವರಿಗೆ ವಿಷಯವನ್ನು ತರ್ಕಬದ್ಧವಾಗಿ ವಿವರಿಸುವ ಶಕ್ತಿಯಿರಬೇಕು, ಶಾಸ್ತ್ರವನ್ನು ನಿದರ್ಶನಗಳೊಡನೆ ಕಲಿಸುವಷ್ಟು ಜ್ಞಾನವಿರಬೇಕು. ಈ ಷರತ್ತು ಬಹು ಸೊಗಸಾದುದು. ಶಿಕ್ಷಾಕಾರನ ಲಕ್ಷಣವನ್ನು ಸರಕಾರದ ಭಾಷೆಯಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಲಾಗದು. ಹಾಡುವವನಿಂದ ವಿವರಣೆಯನ್ನು ಕೇಳುವ ನಿಯಮವು ಪರೀಕ್ಷೆ ಬರೆದು ಬಂದವನಿಂದ ನಾದವನ್ನು ಅಷ್ಟೇ ಕಟ್ಟುನಿಟ್ಟಾಗಿ ಕೇಳಿಲ್ಲವೆಂಬುದೊಂದೇ ಕೊರತೆ.

ಇನ್ನು ಸಂಶೋಧನೆಯ ಮಾತು. ಕಳೆದ ನೂರು ವರ್ಷಗಳಲ್ಲಿ ನಮ್ಮ ಸಂಗೀತಶಾಸ್ತ್ರಕ್ಕೆ ಶಾಶ್ವತವಾದ ಕೊಡುಗೆಯನ್ನು ಕೊಟ್ಟವರ ವೃತ್ತಿಗಳನ್ನು ನೋಡಿದರೆ ಒಂದು ವಿಚಿತ್ರವಾದ ಸಂಗತಿ ಹೊಳೆಯುತ್ತದೆ. ಭಾತಖಂಡೆಯವರು ವಕೀಲರು. ರಾಳ್ಲಪಲ್ಲಿ ಅನಂತಕೃಷ್ಣಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಅಧ್ಯಾಪಕರು. ಅಲ್ಲಿಂದ ತಿರುಪತಿಗೆ ಹೋಗಿ ಅನ್ನಮಾಚಾರ್ಯರ ಪದಗಳನ್ನು ಪರಿಶೋಧಿಸಿದರು, ಅವಕ್ಕೆ ರಾಗಗಳನ್ನು ಕೂಡಿಸಿದರು. ಮದ್ರಾಸಿನ ಸಂಗೀತ ಅಕಾಡೆಮಿಯನ್ನು ವಿದ್ವತ್ತಿನ ಕೇಂದ್ರವನ್ನಾಗಿ ಮಾಡಿದ ವೆ. ರಾಘವನ್ನರು ಸಂಸ್ಕೃತ ಪ್ರಾಧ್ಯಾಪಕರು. ಪುಂಡರೀಕವಿಠಲನ ‘ನರ್ತನನಿರ್ಣಯ’ವನ್ನು ಸಂಪಾದಿಸಿದ ಮೈಸೂರಿನ ರಾ. ಸತ್ಯನಾರಾಯಣರು ರಸಾಯನಶಾಸ್ತ್ರವನ್ನು ಓದಿ, ಅದನ್ನೇ ಕಾಲೇಜಿನಲ್ಲಿ ಬೋಧಿಸಿದವರು. ಭಾರತೀಯ ವಾದ್ಯಗಳನ್ನು ಕುರಿತು ಪ್ರಮಾಣಗ್ರಂಥವನ್ನು ಬರೆದ ಬಿ. ಚೈತನ್ಯದೇವರದು ಧ್ವನಿವಿಜ್ಞಾನದ ಹಾದಿ. ಮೃದಂಗದ ಕರಣೆಯಿಂದ ಚರ್ಮವಾದ್ಯಕ್ಕೆ ಸ್ವರಸಂಬಂಧ ಹೇಗೆ ಬರುತ್ತದೆಂದು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದವರು ಸಿ. ವಿ. ರಾಮನ್ನರು ಮತ್ತು ಅವರ ಸಹಾಯಕರು. ಇಷ್ಟೇಕೆ, ಶಾರ್ಙ್ಗದೇವನೇ ದೇವಗಿರಿಯ ಯಾದವ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರಗಳ ಮುಖ್ಯಾಧಿಕಾರಿ, ಶ್ರೀಕರಣಾಗ್ರಣಿ. ನಮ್ಮ ಮಕ್ಕಳು ಈಗ ಶ್ರುತಿಗೆ ಇಟ್ಟುಕೊಳ್ಳುವ ವಿದ್ಯುತ್ ತಂಬೂರಿಯನ್ನು ಬೆಂಗಳೂರಿನಲ್ಲಿ ಬೆಳೆಸಿದವರೂ ಕೊಳಲು ನುಡಿಸಬಲ್ಲ ಒಬ್ಬ ಎಂಜಿನಿಯರರು.

ಇವರ ಕಾಲಕ್ಕೆ ಸಂಗೀತ ವಿಭಾಗಗಳು ಇರಲಿಲ್ಲ, ಆದ್ದರಿಂದ ಹೊರಗೆ ಕೆಲಸ ಮಾಡಿದರು ಎಂದು ಆಕ್ಷೇಪಿಸಬಹುದು. ಭಾತಖಂಡೆಯವರ ಮಟ್ಟಿಗೆ ಅದು ಸರಿ. ಆದರೆ ರಾಘವನ್ನರು ಇದ್ದ ವಿಶ್ವವಿದ್ಯಾನಿಲಯದಲ್ಲಿಯೇ ಸಂಗೀತ ವಿಭಾಗವಿತ್ತು. ಸತ್ಯನಾರಾಯಣರ ಊರಿನಲ್ಲಿಯೇ ಸಂಗೀತದ ಕಾಲೇಜು ಇತ್ತು. ಕಾರಣ ಬೇರೆ. ಇವರೆಲ್ಲರೂ ಸಂಗೀತವನ್ನು ಸ್ವತಃ ಬಲ್ಲವರು, ಅದರ ಜೊತೆಗೆ ಇನ್ನೊಂದು ಶಾಸ್ತ್ರದಲ್ಲಿ ಪಳಗಿದವರು. ಪಾಠಾಂತರಗಳನ್ನು ಹೋಲಿಸುವ ಶಿಸ್ತು ರಾಘವನ್ನರಿಗೆ ಸಂಸ್ಕೃತದಿಂದ ಬಂತು. ಕಂಪನವನ್ನು ಅಳೆಯುವ ಶಿಸ್ತು ಚೈತನ್ಯದೇವರಿಗೆ ವಿಜ್ಞಾನದಿಂದ ಬಂತು. ವಾಗ್ಗೇಯಕಾರನ ಲಕ್ಷಣವನ್ನು ಹೇಳುವಾಗ ರತ್ನಾಕರಕಾರನು ವ್ಯಾಕರಣ, ನಿಘಂಟು, ಛಂದಸ್ಸು, ಅಲಂಕಾರ, ರಸಭಾವಗಳು, ದೇಶದೇಶಗಳ ರೀತಿ, ಭಾಷೆಗಳು ಇವುಗಳ ಪರಿಜ್ಞಾನವನ್ನು ಮೊದಲಿಟ್ಟು ಶಾರೀರದ ಮಾತನ್ನು ಆಮೇಲೆ ಎತ್ತುತ್ತಾನೆ. ಈ ಪಟ್ಟಿಯೂ ನಮ್ಮಲ್ಲಿ ಐದು ಅಂಕದ ಪ್ರಶ್ನೆಯಾಗಿ ಉಳಿದಿದೆ, ಪಠ್ಯಕ್ರಮಕ್ಕೆ ಆಧಾರವಾಗಿಲ್ಲ. ಸಂಗೀತವನ್ನು ಓದುವ ವಿದ್ಯಾರ್ಥಿಗೆ ಭಾಷೆ, ಇತಿಹಾಸ, ಭೌತಶಾಸ್ತ್ರ, ಶಿಕ್ಷಣಶಾಸ್ತ್ರ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಗಟ್ಟಿಯಾದ ತರಬೇತಿ ದೊರೆಯದಿದ್ದರೆ ಅವನ ಪ್ರಬಂಧವು ಯಾವುದೋ ವಾಗ್ಗೇಯಕಾರನ ಜೀವನ ಮತ್ತು ಕೃತಿಗಳೆಂಬ ಪರಿಚಿತ ಹಳ್ಳಕ್ಕೇ ಬೀಳುತ್ತದೆ.

ಮಾಡಬೇಕಾದ ಕೆಲಸಕ್ಕೇನೂ ಕೊರತೆಯಿಲ್ಲ. ತಂಜಾವೂರಿನ ಸರಸ್ವತೀಮಹಲಿನ ಸ್ವರಸಹಿತ ಹಸ್ತಪ್ರತಿಗಳಲ್ಲಿ ಹರಿದಾಸರ ಸೂಳಾದಿಗಳಿವೆ. ಸಾಹಿತ್ಯ ಕನ್ನಡ, ಅದನ್ನು ಉಳಿಸಿದ ಪರಿಸರ ತೆಲುಗು, ಮರಾಠಿ, ತಮಿಳು, ಶಾಸ್ತ್ರಚರ್ಚೆ ಸಂಸ್ಕೃತ. ಕನ್ನಡ ವಿಭಾಗದವರು ಸಾಹಿತ್ಯವನ್ನು ಓದಿ ಸ್ವರವನ್ನು ಬಿಟ್ಟುಬಿಡುತ್ತಾರೆ. ಸಂಗೀತ ವಿಭಾಗದವರಿಗೆ ಸ್ವರ ತಿಳಿದರೂ ಹಸ್ತಪ್ರತಿಯ ಭಾಷೆಯೂ ಲಿಪಿಯೂ ತೊಡರುತ್ತವೆ. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯ ಸಂಗೀತಭಾಗವನ್ನು ಸಮಕಾಲೀನ ಸಂಸ್ಕೃತ ಗ್ರಂಥಗಳೊಡನೆ ಸಾಲುಸಾಲಾಗಿ ಹೋಲಿಸುವುದಕ್ಕೂ ಎರಡು ಕಡೆಯ ಕಣ್ಣು ಬೇಕು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಂತಹ ನಿಲಯಗಳ ಧ್ವನಿಮುದ್ರಣಗಳನ್ನು ರಾಗ, ತಾಳ, ಪಕ್ಕವಾದ್ಯ, ಕಾಲಗಳೊಡನೆ ಶಾಸ್ತ್ರೀಯವಾಗಿ ಪಟ್ಟಿಮಾಡಬಲ್ಲವರು ಬೇಕು. 1982ರಲ್ಲಿ ಆರಂಭವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗಸಂಗೀತದ ಸಂಗ್ರಹಾಲಯವು ಇಂಥ ಕೆಲಸವೂ ಒಂದು ವೃತ್ತಿಯೆಂದು ತೋರಿಸಿಕೊಟ್ಟಿದೆ. ಹುದ್ದೆಗಳು ಬೆರಳೆಣಿಕೆಯಷ್ಟು, ನಿಜ. ಆದರೆ ಯೋಗ್ಯರಾದ ಅಭ್ಯರ್ಥಿಗಳು ಅದಕ್ಕಿಂತಲೂ ಕಡಿಮೆ.

ಉಳಿದ ಮಾರ್ಗಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. ಬರಿಯ ಕಛೇರಿಯಿಂದ ಬದುಕುವವರು ಯಾವ ಕಾಲದಲ್ಲಿಯೂ ಕೆಲವರೇ. ಅವರನ್ನು ಸಭೆಗಳು ಪದವಿ ನೋಡಿ ಕರೆಯುವುದಿಲ್ಲ. ಪಿಟೀಲು, ಮೃದಂಗ, ತಬಲ, ಹಾರ್ಮೋನಿಯಂ ನುಡಿಸುವವರಿಗೆ ಗಾಯಕರಿಗಿಂತ ಹೆಚ್ಚು ಕರೆ ಬರುತ್ತದೆ, ಒಬ್ಬರೇ ಹಲವರಿಗೆ ನುಡಿಸಬಹುದಾದ್ದರಿಂದ. ಆದರೂ ನಮ್ಮ ವಿಭಾಗಗಳಲ್ಲಿ ಪಕ್ಕವಾದ್ಯದ ವಿದ್ಯಾರ್ಥಿಗಳು ವಿರಳ. ಹಿಂದಿನ ತಲೆಮಾರಿಗೆ ಆಕಾಶವಾಣಿ ದೊಡ್ಡ ಆಶ್ರಯವಾಗಿತ್ತು. ವಿ. ದೊರೆಸ್ವಾಮಿ ಅಯ್ಯಂಗಾರರು, ಆರ್. ಕೆ. ಶ್ರೀಕಂಠನ್ನರು ಬೆಂಗಳೂರು ನಿಲಯದಲ್ಲಿ ದೀರ್ಘಕಾಲ ದುಡಿದರು. ಮಲ್ಲಿಕಾರ್ಜುನ ಮನ್ಸೂರರು ಧಾರವಾಡದಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಅಂಥ ನೇಮಕಗಳನ್ನು ನಂಬಿಕೊಂಡು ಇಂದು ಯಾರೂ ಎಂ.ಎ. ಸೇರಬಾರದು. ಚಲನಚಿತ್ರ, ಧ್ವನಿಮುದ್ರಣ ಮುಂತಾದವು ಬೇರೆ ಕುಶಲತೆಗಳನ್ನು ಬೇಡುತ್ತವೆ. ಸಂಗೀತದ ಪದವಿ ಅಲ್ಲಿ ಸಹಾಯಕ, ಅಷ್ಟೆ. ಸಂಗೀತಚಿಕಿತ್ಸೆಯ ಹೆಸರಿನಲ್ಲಿ ಯಾವ ರಾಗದಿಂದ ಯಾವ ರೋಗ ಗುಣವಾಗುತ್ತದೆಂದು ಪಟ್ಟಿ ಕೊಡುವವರಿಂದ ವಿದ್ಯಾರ್ಥಿಗಳು ದೂರವಿರುವುದು ಒಳ್ಳೆಯದು.

ಉಳಿಯುವುದು ಬೋಧನೆ. ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ವರ್ಷದಿಂದ ವರ್ಷಕ್ಕೆ ಕಾಯುವವರ ಸ್ಥಿತಿ ಎಲ್ಲರಿಗೂ ವಿದಿತವಾದದ್ದು. ನಿಜವಾದ ಬೋಧನೆ ನಡೆಯುತ್ತಿರುವುದು ಮನೆಗಳಲ್ಲಿ: ಬಡಾವಣೆಗಳ ಮುಂಜಾಗದ ಕೋಣೆಗಳಲ್ಲಿ, ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಗೆ ಮಕ್ಕಳನ್ನು ತಯಾರು ಮಾಡುವ ಸಾವಿರಾರು ಪಾಠಗಳಲ್ಲಿ. ಅಮೆರಿಕದಲ್ಲಿರುವ ಕನ್ನಡಿಗರ ಮಕ್ಕಳಿಗೆ ಅಲ್ಲಿಯ ಸಂಜೆಗೆ ಸರಿಯಾಗಿ ಇಲ್ಲಿಯ ನಸುಕಿನಲ್ಲೆದ್ದು ಅಂತರಜಾಲದ ಮೂಲಕ ಸರಳೆವರಸೆ ಹೇಳಿಕೊಡುವವರು ಎಷ್ಟೋ ಮಂದಿ. ಇದು ದೊಡ್ಡ ವೃತ್ತಿ, ಗೌರವಯುತವಾದ ವೃತ್ತಿ, ಮದುವೆಯಾಗಿ ಊರು ಬದಲಾಯಿಸುವ ಹೆಣ್ಣುಮಕ್ಕಳ ಕೈಬಿಡದ ವೃತ್ತಿ. ಇದಕ್ಕೆ ವಿಶ್ವವಿದ್ಯಾನಿಲಯ ಏನು ಕಲಿಸಿದೆ?

ಎಂಟು ವರ್ಷದ ಮಗು ಬಂದು ಕುಳಿತಾಗ ಅದರ ಶ್ರುತಿಯನ್ನು ಕಂಡುಹಿಡಿಯುವುದು ಮೊದಲ ಕೆಲಸ. ಗುರುವಿನ ಶ್ರುತಿ ನಾಲ್ಕೂವರೆ ಮನೆಯಾದರೆ ಮಗುವೂ ಅದಕ್ಕೇ ಹಾಡಬೇಕೆಂಬ ನಿರ್ಬಂಧದಿಂದ ಎಷ್ಟು ಕಂಠಗಳು ಕೆಟ್ಟಿವೆಯೋ! ಮಂದ್ರಕ್ಕೆ ಇಳಿಯಲಾರದ, ತಾರಕ್ಕೆ ಏರಲಾರದ ಮಗುವಿಗೆ ಯಾವ ವರಸೆ ಮೊದಲು, ಯಾವುದು ಆಮೇಲೆ? ಸ್ವರವನ್ನು ಸರಿಯಾಗಿ ಕೇಳಿಯೂ ತಪ್ಪಾಗಿ ಹಾಡುವ ಮಗುವಿಗೂ, ಸರಿಯಾಗಿ ಕೇಳಿಸಿಕೊಳ್ಳದೆಯೇ ತಪ್ಪಾಗಿ ಹಾಡುವ ಮಗುವಿಗೂ ಒಂದೇ ಪಾಠ ಸಲ್ಲದು. ಈ ಭೇದವನ್ನು ಗುರುತಿಸುವುದು ಹೇಗೆ? ಹದಿಮೂರು ಹದಿನಾಲ್ಕರ ಹುಡುಗನ ಧ್ವನಿ ಒಡೆದಾಗ ನಮ್ಮಲ್ಲಿ ಸಾಮಾನ್ಯವಾಗಿ ಪಾಠವೇ ನಿಂತುಹೋಗುತ್ತದೆ. ಆ ಒಂದೆರಡು ವರ್ಷ ಕಂಠಕ್ಕೆ ವಿರಾಮ ಕೊಟ್ಟು, ತಾಳ, ಲಯ, ರಾಗಗಳ ಗುರುತು, ಕೇಳ್ಮೆ ಇವುಗಳಲ್ಲಿ ಅವನನ್ನು ಉಳಿಸಿಕೊಂಡರೆ ಹುಡುಗರು ಇಷ್ಟು ಮಂದಿ ಸಂಗೀತವನ್ನು ಬಿಡುತ್ತಿರಲಿಲ್ಲ. ಅಂತರಜಾಲದ ಪಾಠದಲ್ಲಿ ಗುರುವೂ ಶಿಷ್ಯರೂ ಕೂಡಿ ಹಾಡುವುದು ಸಾಧ್ಯವಿಲ್ಲ, ಧ್ವನಿ ತಡವಾಗಿ ತಲುಪುವುದರಿಂದ. ಕೂಡಿ ಹಾಡುವುದರಿಂದಲೇ ಗಮಕವನ್ನು ತುಂಬಿಕೊಡುತ್ತಿದ್ದ ನಮ್ಮ ಪದ್ಧತಿಗೆ ಇದು ಸಣ್ಣ ತೊಡಕೇನಲ್ಲ. ಇವು ಸಂಶೋಧನೆಗೆ ಯೋಗ್ಯವಾದ ಪ್ರಶ್ನೆಗಳು. ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಇವಕ್ಕೆ ಸ್ಥಾನವಿಲ್ಲ.

ಕಲಿಸುವವರನ್ನು ತಯಾರಿಸುವ ವಿದ್ಯೆ ನಮ್ಮ ನಾಡಿಗೆ ಹೊಸದೂ ಅಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳೂ ಅಂಧರೂ ಬಡವರೂ ಆದ ಮಕ್ಕಳಿಗೆ ಅನ್ನವನ್ನಿಟ್ಟು ವಿದ್ಯೆ ಕೊಟ್ಟರು. ಅವರಲ್ಲಿ ಕೆಲವರು ಪ್ರಸಿದ್ಧ ಗಾಯಕರಾದರು. ಎಷ್ಟೋ ಹೆಚ್ಚು ಮಂದಿ ಉತ್ತರ ಕರ್ನಾಟಕದ ಊರೂರುಗಳಲ್ಲಿ ಸಂಗೀತದ ಮೇಷ್ಟ್ರುಗಳಾದರು. ಆಶ್ರಮದಲ್ಲಿ ಹಿರಿಯ ಶಿಷ್ಯ ಕಿರಿಯನಿಗೆ ಹೇಳಿಕೊಡುತ್ತಲೇ ಕಲಿಯುವನು. ಕಲಿಯುವ ಕಾಲದಲ್ಲಿಯೇ ಕಲಿಸುವ ಅಭ್ಯಾಸವಾಗುತ್ತದೆ. ಎಂ.ಎ. ಎರಡನೆಯ ವರ್ಷದ ವಿದ್ಯಾರ್ಥಿ ಬಿ.ಎ. ಮೊದಲ ವರ್ಷದವರಿಗೆ ವಾರಕ್ಕೆ ಎರಡು ಗಂಟೆ ಅಲಂಕಾರಗಳನ್ನು ಹೇಳಿಕೊಡುವ ವ್ಯವಸ್ಥೆಗೆ ಹಣವೂ ಬೇಡ, ಹೊಸ ಕಟ್ಟಡವೂ ಬೇಡ.

ಪರೀಕ್ಷೆಯಲ್ಲಿಯೂ ಒಂದು ಬದಲಾವಣೆಯನ್ನು ಇಲ್ಲಿ ಸೂಚಿಸಬಹುದು. ಎಂ.ಎ. ಅಂತಿಮ ಪ್ರಾಯೋಗಿಕದ ಒಂದು ಭಾಗವಾಗಿ, ಅಭ್ಯರ್ಥಿಯ ಮುಂದೆ ಅವನು ಹಿಂದೆ ಕಂಡಿರದ ಮೂವರು ಮಕ್ಕಳನ್ನು ಕೂರಿಸಿ, ನಲವತ್ತು ನಿಮಿಷದಲ್ಲಿ ಒಂದು ಗೀತೆಯ ಪಲ್ಲವಿಯನ್ನು ಕಲಿಸುವಂತೆ ಹೇಳಬೇಕು. ಪರೀಕ್ಷಕರು ಅಭ್ಯರ್ಥಿಯ ಹಾಡಿಗೆ ಅಂಕ ಕೊಡತಕ್ಕದ್ದಲ್ಲ; ಮಕ್ಕಳು ಕೊನೆಯಲ್ಲಿ ಹೇಗೆ ಹಾಡಿದರೆಂಬುದಕ್ಕೆ ಕೊಡಬೇಕು. ಆಮೇಲೆ, ಯಾವ ಮಗುವಿಗೆ ಎಲ್ಲಿ ತೊಡಕಾಯಿತು, ಮರುದಿನ ಅದಕ್ಕೆ ಏನು ಪಾಠ ಎಂಬುದನ್ನು ಅಭ್ಯರ್ಥಿ ಒಂದು ಪುಟದಲ್ಲಿ ಬರೆಯಬೇಕು. ಇದಕ್ಕೆ ಎರಡು ತೊಂದರೆಗಳಿವೆ. ಪರೀಕ್ಷೆಯ ದಿನ ಮಕ್ಕಳನ್ನು ನೆರೆಯ ಶಾಲೆಗಳಿಂದ ಕರೆತರುವುದಕ್ಕೆ ಈಗಿರುವ ನಿಯಮಗಳಲ್ಲಿ ಅವಕಾಶವಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದು ಗಂಟೆಯಂತೆ ಪರೀಕ್ಷಕರ ದಿನಗಳೂ ಭತ್ಯೆಯೂ ಹೆಚ್ಚಾಗುತ್ತವೆ. ಮೊದಲನೆಯದನ್ನು ಅಧ್ಯಯನ ಮಂಡಲಿ ಒಂದು ನಿರ್ಣಯದಿಂದ ಸರಿಪಡಿಸಬಹುದು. ಎರಡನೆಯದಕ್ಕೆ, ಪ್ರತಿ ಅಭ್ಯರ್ಥಿಯಿಂದಲೂ ಕೇಳಲೇಬೇಕೆಂದು ಈಗ ಇಟ್ಟಿರುವ ಕೃತಿಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೆ ಬೇಕಾದ ಕಾಲ ಬಹುಮಟ್ಟಿಗೆ ಒದಗಿಬರುತ್ತದೆ.